ಪರೀಕ್ಷೆ

ಬರೆದದ್ದು ಹತ್ತೊಂಬತ್ತು ಸಾಲು, ಅಷ್ಟೇ.
ನಿಮಿಷಕ್ಕೊಮ್ಮೆ ಎದ್ದು
ಅಲಜಾನಿ ಕಣಿವೆಯ ತಗ್ಗಿನಲ್ಲಿ
ದ್ರಾಕ್ಷಿಯ ಕಂಬಕ್ಕೆ ಕಟ್ಟಿದ ಉಷ್ಣಮಾಪಕವನ್ನು
‘ಈಗ ಎಷ್ಟು?’ ಎಂದು ಕೇಳುವುದು.
ಒಂದು ಡಿಗ್ರಿಗಿಂತ ಕಮ್ಮಿ ಎಂದರೆ
ಹನ್ನೊಂದು ಮನೆಯ ಫೋನುಗಳನ್ನು ತಟ್ಟುವುದು.
ಇಲ್ಲವೆಂದರೆ ಮತ್ತೆ ಮಲಗುವುದು.
ಕೀಲು ಮುರಿದ ನನ್ನ ಲ್ಯಾಪ್‌ಟಾಪು
ಅಡುಗೆಮನೆಯ ಉಪ್ಪಿನಕಾಯಿ ಭರಣಿಗೆ ಒರಗಿ
ಏಪ್ರಿಲ್ ಪೂರ್ತಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿತು.

ನಡೆಯುತ್ತದೋ ಇಲ್ಲವೋ ನೋಡಲೆಂದು
ಸಂದೇಶದ ಜಾಗದಲ್ಲಿ ‘ಪರೀಕ್ಷೆ’ ಎಂದು ಹಾಕಿದ್ದೆ.
ಆಮೇಲೆ ಬದಲಿಸಿದರಾಯಿತು ಎಂದುಕೊಂಡೆ.
ಆಮೇಲೆ ಬರುವ ಮೊದಲೇ ಹಿಮ ಬಂತು,
ಮೂರೂ ಹತ್ತಕ್ಕೆ, ಮೋಡವಿಲ್ಲದ ಆಕಾಶದಿಂದ,
ಸದ್ದಿಲ್ಲದೆ.
ಹನ್ನೊಂದು ದಿಂಬುಗಳ ಕೆಳಗೆ ಒಂದೇ ಮಾತು.
ಜುಂಬೇರ್ ಅದು ಶಾಲೆಯದೆಂದು ತಿಳಿದು
ಮಗಳನ್ನು ಎಬ್ಬಿಸಿದನಂತೆ, ಪುಸ್ತಕ ತೆಗಿ ಎಂದು.

ಆದರೂ ಬಂದರು. ಸಾಲುಗಳ ನಡುವೆ
ಒದ್ದೆ ಹುಲ್ಲು, ಹಳೇ ಟೈರು, ಹೋದ ವರ್ಷ ಸವರಿದ ಬಳ್ಳಿ.
ಬೆಂಕಿಯಲ್ಲ ಮುಖ್ಯ, ಹೊಗೆ, ಎನ್ನುತ್ತಾನೆ ಚಿಕ್ಕಪ್ಪ ನೂಗ್ಜಾರ್;
ಕೂಸಿನ ಕಾಲು ಆಚೆ ಬಾರದ ಹಾಗೆ
ಹೊದಿಸಬೇಕು ಹೊಗೆಯನ್ನು.
ಚಿಗುರು ಉಳಿಯಿತು.
ಅಂದಿನಿಂದ ನಮ್ಮೂರಲ್ಲಿ ಹಿಮಕ್ಕೆ ಹಿಮ ಅನ್ನುವವರಿಲ್ಲ.
‘ಪರೀಕ್ಷೆ ಬಂದಿದೆ, ಏಳಿ.’
ಪದ ಬದಲಿಸುತ್ತೇನೆ ಎಂದರೆ ಜಗಳಕ್ಕೇ ಬರುತ್ತಾರೆ.

ಆದರೆ ಒಂದು ಸಾಲು ಬರೆಯದೆ ಬಿಟ್ಟಿದ್ದೆ:
ಒಮ್ಮೆ ಹೇಳಿದ್ದಾಗಿದ್ದರೆ ಸಾಕು, ಸುಮ್ಮನಿರು.
ಹೊಗೆ ಎದ್ದ ಮೇಲೂ, ಕೋಳಿ ಕೂಗಿದ ಮೇಲೂ,
ಕಂಬಕ್ಕೆ ಬಿಸಿಲು ತಗಲುವ ತನಕ
ಹಾಡಿದ್ದೇ ಹಾಡಿತು ಆ ಕಿಸಬಾಯಿ ಯಂತ್ರ
ಇನ್ನೂರ ಹದಿನಾಲ್ಕು ಸಲ.
ಮಸಿ ಮೆತ್ತಿದ ಮುಖಗಳು ಬೈದವು, ನಕ್ಕವು.
ಲಾಮಾರಾ ಬೈಯಲೂ ಇಲ್ಲ, ನಗಲೂ ಇಲ್ಲ.
ಐದಕ್ಕೆ ತೆಲಾವಿಗೆ ವ್ಯಾನು ಓಡಿಸುವವಳು.
ಸ್ಟೀರಿಂಗ್ ಪಕ್ಕ ಗುರುಗುಟ್ಟುವ ಫೋನಿನ ಬಾಯನ್ನು
ಹೆಬ್ಬೆರಳಲ್ಲಿ ಒತ್ತಿ ಮುಚ್ಚಿದಳು.
ತೆರೆಯಲು ಮರೆತಳು.

ಒಂಬತ್ತು ದಿನ ಬಿಟ್ಟು ಎರಡನೆಯ ಪರೀಕ್ಷೆ.
ಅಷ್ಟರಲ್ಲಿ ತಿದ್ದಿದ್ದೆ. ಒಂದೇ ಸಲ ತಟ್ಟಿತು.
ಹತ್ತು ಮನೆ ಎದ್ದವು.
ಮೊದಲಾದರೆ ಯಾರಾದರೂ ತೊರೆ ದಾಟಿ
ಅವಳ ಬಾಗಿಲು ಬಡಿಯುತ್ತಿದ್ದರು.
ಫೋನಿದೆಯಲ್ಲ ಎಂದು ಈಗ ಯಾರೂ ಬಡಿಯಲಿಲ್ಲ,
ನಾನೂ.
ಮಧ್ಯಾಹ್ನದ ಹೊತ್ತಿಗೆ ಅವಳ ನಾಲ್ಕು ಸಾಲಿನ ಚಿಗುರು
ಕುದಿಸಿ ಬಿಸಾಕಿದ ಚಹಾ ಸೊಪ್ಪು.

‘ತಲುಪಿದೆ’ ಎಂಬುದಕ್ಕೆ ನನ್ನಲ್ಲಿ ದಾಖಲೆಯಿತ್ತು,
ಹನ್ನೊಂದಕ್ಕೆ ಹನ್ನೊಂದು. ಜೇಬಿನಿಂದ ತೆಗೆಯಲಿಲ್ಲ.
ಅವಳು ಒಂದು ಕುಡಿ ಕಿತ್ತು ಉಜ್ಜಿ, ಮೂಸಿ, ಕೇಳಿದಳು:
‘ಕೇಡು ಬಂದರೆ ಕೂಗುತ್ತದೆ ನಿನ್ನದು. ಬಾರದಿದ್ದರೆ?’
ಸುಮ್ಮನಿರುತ್ತದೆ.
‘ಸತ್ತುಬಿದ್ದಿದ್ದರೂ ಸುಮ್ಮನೇ ಇರುತ್ತದಲ್ಲ, ನಾತೇಲಾ?’

ಅವಳದೊಂದೇ ಫೋನಿಗೆ ಆಮೇಲೆ ಸೇರಿಸಿದ ಸಾಲು ಅದು:
ರಾತ್ರಿ ಒಂಬತ್ತಕ್ಕೆ, ದಿನಾ,
‘ಏನೂ ಇಲ್ಲ. ಮಲಗು.’
ಮೇ ಕಳೆಯಿತು. ಹಿಮದ ಕಾಲ ಮುಗಿದು
ಕಲ್ಲೂ ಬೆವರುವ ಆಗಸ್ಟು ಬಂದರೂ
ಸಾಲನ್ನು ತೆಗಿ ಎಂದು ಅವಳು ಹೇಳಲಿಲ್ಲ.
ತೆಗೆಯಲೇ ಎಂದು ನಾನು ಕೇಳಲಿಲ್ಲ.

ಸೆಪ್ಟೆಂಬರಿನ ಒಂದು ಗಾಳಿಗೆ ಕರೆಂಟು ಹೋಯಿತು.
ಲ್ಯಾಪ್‌ಟಾಪು ಭರಣಿಗೆ ತಲೆಯಿಟ್ಟು ಕಣ್ಣು ಮುಚ್ಚಿತು.
ಒಂಬತ್ತೂ ಎರಡಕ್ಕೆ ನೆನಪಾಗಿ, ಕತ್ತಲಲ್ಲಿ,
ಅವೇ ಮೂರು ಪದ
ನಾನೇ ಬೆರಳಲ್ಲಿ ಕುಟ್ಟಿ ಕಳಿಸಿದೆ.

ಬೆಳಿಗ್ಗೆ ವ್ಯಾನಿನ ಗಾಜು ಇಳಿಸಿ ಅಂದಳು:
‘ರಾತ್ರಿ ತಡವಾಗಿ ಬಂತು. ಏನಂತೆ ಅದಕ್ಕೆ, ನೆಗಡಿಯೇ?’
ಹೂಂ ಅಂದೆ. ಹತ್ತಿ ಕೂತೆ.
ತೆಲಾವಿ ಬರುವವರೆಗೂ
ನನ್ನ ಹತ್ತಿರ ದುಡ್ಡು ಕೇಳಲಿಲ್ಲ.